ರೈಲೋ ಹಡಗೋ: ಇಂಗ್ಲಿಷ್ ಚಾನೆಲ್ ದಾಟುವ ಲಾರಿಯ ಲೆಕ್ಕ

ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ ಎಂ20 ಹೆದ್ದಾರಿ ಹಿಡಿದು ಕಡಲ ಕಡೆ ಬರುತ್ತಿದ್ದರೆ 11ಎ ಅಂತ ಒಂದು ತಿರುವು ಸಿಗುತ್ತದೆ. ಅಲ್ಲಿ ಹೊರಳಿದರೆ ಫೋಕ್‌ಸ್ಟನ್ ಟರ್ಮಿನಲ್, ಲಾರಿ ಕಡಲಡಿಯ ಸುರಂಗದಲ್ಲಿ ಹೋಗುವ ರೈಲು ಹತ್ತುತ್ತದೆ. ಹೊರಳದೆ ಮುಂದೆ ಹೋದರೆ ಸುಣ್ಣದ ಬಂಡೆಗಳ ಬುಡದಲ್ಲಿ ಡೋವರ್ ಬಂದರು, ಲಾರಿ ಹಡಗು ಹತ್ತುತ್ತದೆ. ಎರಡರಲ್ಲಿ ಯಾವುದು ಹಿಡಿದರೂ ಇಳಿಯುವುದು ಫ್ರಾನ್ಸಿನ ಕ್ಯಾಲೆ ಊರಿನ ಆಸುಪಾಸಿನಲ್ಲೇ. ವರ್ಷಗಟ್ಟಲೆ ಎರಡೂ ದಾರಿಯಲ್ಲಿ ಓಡಾಡಿದ್ದೇನೆ. ಊರ ಕಡೆಯಿಂದ ಬಂದು ಇಲ್ಲಿ ಹೆವಿ ಲೈಸೆನ್ಸ್ ತೆಗೆದ ಹುಡುಗರು ನನ್ನನ್ನು ಕೇಳುವ ಮೊದಲ ಪ್ರಶ್ನೆಯೇ ಇದು: "ಅಣ್ಣಾ, ಟ್ರೈನ್ ಒಳ್ಳೇದಾ, ಶಿಪ್ ಒಳ್ಳೇದಾ?"

ಎಲ್ಲರೂ ಹೇಳುವ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ರೈಲಿನಲ್ಲಿ 35 ನಿಮಿಷ, ಹಡಗಿನಲ್ಲಿ ಒಂದೂವರೆ ಗಂಟೆ. ರೈಲಿನ ದರ ಸಾಮಾನ್ಯವಾಗಿ ಹೆಚ್ಚು. ಇಷ್ಟನ್ನೇ ನೋಡಿದರೆ ಅವಸರ ಇದ್ದವನಿಗೆ ರೈಲು, ಇಲ್ಲದವನಿಗೆ ಹಡಗು ಅಂತ ಮಾತು ಮುಗಿದುಹೋಗುತ್ತದೆ. ಆದರೆ ಡ್ರೈವರ್ ಸೀಟಿನಲ್ಲಿ ಕೂತವನಿಗೆ ಕಡಲು ದಾಟುವ ಹೊತ್ತು ದೊಡ್ಡದಲ್ಲ. ಕಡಲಿಗೆ ಮೊದಲು ಏನು ನಡೆಯುತ್ತದೆ, ಕಡಲಿನ ಮೇಲೋ ಕೆಳಗೋ ಇರುವಾಗ ಮೈಗೆ ಎಷ್ಟು ವಿಶ್ರಾಂತಿ ಸಿಗುತ್ತದೆ, ಬರುವಾಗ ಕದ್ದು ಇಂಗ್ಲೆಂಡಿಗೆ ನುಸುಳುವವರು ಯಾರಾದರೂ ಲಾರಿಯ ಹಿಂದೆ ಹತ್ತಿದ್ದಾರಾ, ಈ ಮೂರರ ಮೇಲೆ ಇಡೀ ಟ್ರಿಪ್ ನಿಂತಿರುತ್ತದೆ.

ಕಾಗದಪತ್ರದ ವಿಷಯದಲ್ಲಿ ಎರಡಕ್ಕೂ ವ್ಯತ್ಯಾಸ ಇಲ್ಲ. 2021ರ ಜನವರಿ 1ರಿಂದ, ಅಂದರೆ ಬ್ರೆಕ್ಸಿಟ್ ಪೂರ್ತಿ ಜಾರಿಯಾದ ದಿನದಿಂದ, ಪ್ರತಿ ಲೋಡಿಗೂ ಕಸ್ಟಮ್ಸ್ ಡಿಕ್ಲರೇಷನ್ ಬೇಕು. ಬ್ರಿಟನ್ ಕಡೆಗೆ ಜಿಎಂಆರ್ ಅನ್ನುವ ಒಂದು ನಂಬರು, ಫ್ರಾನ್ಸ್ ಕಡೆಗೆ ಎಲ್ಲಾ ಡಿಕ್ಲರೇಷನ್ ಒಟ್ಟು ಸೇರಿಸಿದ ಒಂದು ಬಾರ್‌ಕೋಡು. ಕಚೇರಿಯವರು ಕಳಿಸಿದ್ದನ್ನು ಗೇಟಿನಲ್ಲಿ ತೋರಿಸಬೇಕು. ಜಿಎಂಆರ್ ಸರಿಯಿಲ್ಲದಿದ್ದರೆ ಗೇಟು ತೆರೆಯುವುದಿಲ್ಲ. ನಾವು ಕಡಲು ದಾಟುವ ಹೊತ್ತಿನಲ್ಲಿ ಫ್ರಾನ್ಸಿನ ಕಂಪ್ಯೂಟರ್ ನಮ್ಮ ಲೋಡನ್ನು ಹಸಿರು ಅಥವಾ ಕಿತ್ತಳೆ ಅಂತ ವಿಂಗಡಿಸುತ್ತದೆ. ಹಸಿರಾದರೆ ಇಳಿದು ನೇರ ಹೆದ್ದಾರಿ. ಕಿತ್ತಳೆಯಾದರೆ ಕಸ್ಟಮ್ಸ್ ಅಂಗಳಕ್ಕೆ ಹೋಗಿ ನಿಲ್ಲಬೇಕು. ಹಡಗಿನಲ್ಲಿ ಪರದೆಯ ಮೇಲೆ ನಂಬರ್ ಬರುವಾಗ ಡ್ರೈವರುಗಳೆಲ್ಲ ಊಟದ ತಟ್ಟೆ ಬಿಟ್ಟು ತಲೆ ಎತ್ತುತ್ತಾರೆ.

ಇನ್ನೊಂದು ವಿಶೇಷ: ಫ್ರಾನ್ಸಿನ ಪೊಲೀಸರು ಇಂಗ್ಲೆಂಡಿನ ನೆಲದಲ್ಲೇ ಕೂತಿರುತ್ತಾರೆ, ಇಂಗ್ಲೆಂಡಿನವರು ಫ್ರಾನ್ಸಿನ ನೆಲದಲ್ಲಿ. ಸುರಂಗಕ್ಕೆ 1991ರ ಸಾಂಗಾಟ್ ಒಪ್ಪಂದ, ಬಂದರಿಗೆ 2003ರ ಲೆ ಟುಕೆ ಒಪ್ಪಂದ, ಎರಡರ ಪ್ರಕಾರವೂ ಹತ್ತುವ ಕಡೆಯೇ ಎರಡೂ ದೇಶದ ಪಾಸ್‌ಪೋರ್ಟ್ ತಪಾಸಣೆ ಮುಗಿಯುತ್ತದೆ. ನನ್ನದು ಈಗ ಬ್ರಿಟಿಷ್ ಪಾಸ್‌ಪೋರ್ಟ್. ಯುರೋಪಿನ ಷೆಂಗೆನ್ ದೇಶಗಳಲ್ಲಿ 180 ದಿನಕ್ಕೆ 90 ದಿನ ಮಾತ್ರ ಇರಬಹುದು, ಅದನ್ನೂ ಡೈರಿಯಲ್ಲಿ ಲೆಕ್ಕ ಇಡುತ್ತೇನೆ. 2025ರ ಅಕ್ಟೋಬರ್ 12ರಿಂದ ಬೆರಳಚ್ಚು, ಮುಖದ ಫೋಟೋ ಕೂಡ ಶುರುವಾಗಿದೆ. ಇಂಡಿಯನ್ ಪಾಸ್‌ಪೋರ್ಟ್ ಇರುವ ಹುಡುಗರು ಷೆಂಗೆನ್ ವೀಸಾ ಇಲ್ಲದೆ ಈ ರೂಟಿಗೆ ಒಪ್ಪಿಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಕೆಲಸ ಮಾಡುವ ವೀಸಾ ಫ್ರಾನ್ಸಿನಲ್ಲಿ ನಡೆಯುವುದಿಲ್ಲ.

ಈಗ ರೈಲು. ಗೇಟು, ಸೆಕ್ಯುರಿಟಿ, ಪಾಸ್‌ಪೋರ್ಟ್ ಮುಗಿದ ಮೇಲೆ ಸಾಲಾಗಿ ಪ್ಲಾಟ್‌ಫಾರ್ಮಿಗೆ ಬಿಡುತ್ತಾರೆ. ಕ್ಯಾಬಿನ್ ಮೇಲೆ ಆಂಟೆನಾ ಇದ್ದರೆ ಇಳಿಸಬೇಕು, ತಲೆಯ ಮೇಲೆ 25,000 ವೋಲ್ಟಿನ ತಂತಿ ಇದೆ. 44 ಟನ್ನಿನ ಲಾರಿಯನ್ನು ಮೊದಲ ವ್ಯಾಗನ್‌ನಿಂದ ಹತ್ತಿಸಿ, ರೈಲಿನ ಒಳಗೇ ಒಂದರ ಹಿಂದೆ ಒಂದು ವ್ಯಾಗನ್ ದಾಟುತ್ತಾ ಮುಂದಿನ ಲಾರಿಯ ಹಿಂದೆ ತನಕ ಓಡಿಸಬೇಕು. ಎರಡೂ ಕಡೆ ಚಕ್ರಕ್ಕೂ ಅಂಚಿಗೂ ನಡುವೆ ಇರುವ ಜಾಗ ಒಂದು ಗೇಣು ಅನ್ನಿಸುತ್ತದೆ. ಮೊದಲ ಸಲ ನನ್ನ ಅಂಗೈ ಒದ್ದೆಯಾಗಿ ಸ್ಟೇರಿಂಗ್ ಜಾರುತ್ತಿತ್ತು. ಕನ್ನಡಿ ನೋಡುತ್ತಾ ಹೋದರೆ ತಪ್ಪುತ್ತದೆ, ಮುಂದಿನ ಲಾರಿಯ ಹಿಂಬಾಗಿಲನ್ನು ನೋಡುತ್ತಾ ಹೋದರೆ ತಾನಾಗಿ ನೇರವಾಗುತ್ತದೆ. ಇದನ್ನು ಹೇಳಿಕೊಟ್ಟವನು ರೊಮೇನಿಯಾದ ಒಬ್ಬ ಹಿರಿಯ ಡ್ರೈವರ್, ಮಾತಿಗಿಂತ ಕೈಸನ್ನೆಯೇ ಜಾಸ್ತಿ.

ಇಂಜಿನ್ ಆಫ್, ಹ್ಯಾಂಡ್‌ಬ್ರೇಕ್. ಸಿಬ್ಬಂದಿ ಚಕ್ರಕ್ಕೆ ಅಡೆ ಇಡುತ್ತಾರೆ. ನಾವು ಇಳಿದು ಸಣ್ಣ ಬಸ್ಸಿನಲ್ಲಿ ರೈಲಿನ ಮುಂದಿರುವ ಬೋಗಿಗೆ ಹೋಗಬೇಕು. ಲಾರಿಯಲ್ಲಿ ಕೂರುವಂತಿಲ್ಲ. ಅದಕ್ಕೆ ಕಾರಣ ಇದೆ. 1996ರ ನವೆಂಬರ್ 18ರಂದು, ಮತ್ತೆ 2008ರ ಸೆಪ್ಟೆಂಬರ್ 11ರಂದು, ಸುರಂಗದೊಳಗೆ ಲಾರಿ ಸಾಗಿಸುತ್ತಿದ್ದ ರೈಲಿಗೇ ಬೆಂಕಿ ಹತ್ತಿತ್ತು. ಡ್ರೈವರುಗಳೆಲ್ಲ ಒಂದೇ ಬೋಗಿಯಲ್ಲಿದ್ದದ್ದರಿಂದ ಎರಡು ರೈಲು ಸುರಂಗಗಳ ನಡುವಿನ ಸರ್ವೀಸ್ ಸುರಂಗಕ್ಕೆ ಅವರನ್ನು ದಾಟಿಸಲು ಆಯಿತು.

ಆ ಬೋಗಿಯಲ್ಲಿ ಕೂತಾಗಲೆಲ್ಲ ನನಗೆ ಲಾರಿಗಳನ್ನು ರೈಲಿನ ಮೇಲೆ ಹೊತ್ತೊಯ್ಯುವ ಕೊಂಕಣ ರೈಲ್ವೆಯ ರೋ-ರೋ ನೆನಪಾಗುತ್ತದೆ. 1999ರಲ್ಲಿ ಮಹಾರಾಷ್ಟ್ರದ ಕೋಲಾಡ್‌ನಿಂದ ಗೋವಾದ ವೆರ್ಣಾವರೆಗೆ ಶುರುವಾದ ಆ ಸೇವೆ ಆಮೇಲೆ ನಮ್ಮ ಸುರತ್ಕಲ್‌ವರೆಗೂ ಬಂತು. ಅದರಲ್ಲಿ ನಾನು ಹತ್ತು ಚಕ್ರದ ಲಾರಿ ಏರಿಸಿದವನು. ಅಲ್ಲಿ ಡ್ರೈವರೂ ಕ್ಲೀನರೂ ತಮ್ಮ ಲಾರಿಯ ಕ್ಯಾಬಿನ್ನಲ್ಲೇ ಕೂತು ಹೋಗಬೇಕು. ರತ್ನಗಿರಿಯ ಹತ್ತಿರ ಆರೂವರೆ ಕಿಲೋಮೀಟರ್ ಉದ್ದದ ಕರಬುಡೆ ಸುರಂಗ ಬಂದರೆ ಗಾಜು ಏರಿಸಿ, ಬೈರಾಸನ್ನು ಒದ್ದೆ ಮಾಡಿ ಮೂಗಿಗೆ ಕಟ್ಟಿಕೊಳ್ಳುತ್ತಿದ್ದೆವು, ಆಗ ಡೀಸೆಲ್ ಇಂಜಿನ್. ಆದರೂ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಅರ್ಧ ರಾತ್ರಿ ಕಾಯುವುದಕ್ಕಿಂತ ಆ ಹೊಗೆಯೇ ವಾಸಿ ಅನ್ನಿಸುತ್ತಿತ್ತು. ಸೇತುವೆಗಳ ಮೇಲೆ ಹೋಗುವಾಗ ಲಾರಿಯ ಸೀಟಿನಿಂದ ಹೊಳೆ ನೋಡಿದ ಸುಖ ಈ ರೈಲಿನಲ್ಲಿ ಇಲ್ಲ. 50 ಕಿಲೋಮೀಟರ್ ಸುರಂಗ, ಅದರಲ್ಲಿ 38 ಕಡಲಿನ ಅಡಿಯಲ್ಲಿ. ಕಿಟಕಿಯಲ್ಲಿ ಕಾಣುವುದು ನಮ್ಮದೇ ಮುಖ.

ಹಡಗಿನ ಕತೆ ಬೇರೆ. ಡೋವರಿನಲ್ಲಿ ಬಂದರು ತುಂಬಿದರೆ ಅಲ್ಲಿಗೆ ಹೋಗುವ ಎ20 ರಸ್ತೆಯ ಎಡ ಸಾಲಿನಲ್ಲೇ ಲಾರಿಗಳನ್ನು ತಡೆದು ನಿಲ್ಲಿಸುತ್ತಾರೆ. ಸಿಗ್ನಲ್ ಹಸಿರಾದಾಗ ಒಂದಿಷ್ಟು ಲಾರಿ ಮುಂದೆ. ಆ ಸಾಲನ್ನು ಬಿಟ್ಟು ಬಲಗಡೆಯಿಂದ ನುಗ್ಗಿದವನನ್ನು ವಾಪಸ್ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಒಳಗೆ ಹೋದ ಮೇಲೆ ಸಾಲಿನ ನಂಬರ್ ಕೊಡುತ್ತಾರೆ, ಕಾಯಬೇಕು. ಗಾಳಿ ಜೋರಿದ್ದರೆ ಇನ್ನೂ ಕಾಯಬೇಕು. ಜನವರಿ ತಿಂಗಳ ಒಂದು ರಾತ್ರಿ ಹಡಗು ಕ್ಯಾಲೆಯ ಹೊರಗೆ ನಿಂತು ಸುಮ್ಮನೆ ತೂಗಾಡಿತು. ಮೊಗವೀರರ ಕೇರಿಯ ಪಕ್ಕ ಬೆಳೆದವನಾದರೂ ನನ್ನ ಹೊಟ್ಟೆ ತಡೆಯಲಿಲ್ಲ. ಸುರಂಗಕ್ಕೆ ಗಾಳಿಯ ಹಂಗಿಲ್ಲ.

ಆದರೂ ಹಡಗಿನ ಪರವಾಗಿ ನಾನು ಗಟ್ಟಿಯಾಗಿ ಹೇಳುವ ಮಾತು ಒಂದಿದೆ: ವಿಶ್ರಾಂತಿ. ಇಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಲೇಬೇಕು, ಲಾರಿಯಲ್ಲಿರುವ ಟ್ಯಾಕೊಗ್ರಾಫ್ ಅನ್ನುವ ಯಂತ್ರ ಎಲ್ಲವನ್ನೂ ಬರೆದಿಡುತ್ತದೆ. ಹಡಗಿನ ಒಂದೂವರೆ ಗಂಟೆಯಲ್ಲಿ ಆ 45 ನಿಮಿಷ ಆರಾಮವಾಗಿ ಬರುತ್ತದೆ. ಡ್ರೈವರುಗಳಿಗೆ ಬೇರೆ ಕೋಣೆ, ಬಿಸಿ ಊಟ, ಕಾಲು ಚಾಚಲು ಜಾಗ. ಕ್ಯಾಲೆಯಲ್ಲಿ ಇಳಿದಾಗ ಮತ್ತೆ ನಾಲ್ಕೂವರೆ ಗಂಟೆ ಕೈಯಲ್ಲಿರುತ್ತದೆ. ರೈಲಿನಲ್ಲಿ 35 ನಿಮಿಷ, ಅಂದರೆ ಹತ್ತು ನಿಮಿಷ ಸಾಲದು. ಇದಕ್ಕೊಂದು ದಾರಿ ಇದೆ. ನಿಯಮದ ಪ್ರಕಾರ ವಿರಾಮವನ್ನು ಎರಡು ಭಾಗ ಮಾಡಬಹುದು: ಮೊದಲು ಕನಿಷ್ಠ 15, ಆಮೇಲೆ ಕನಿಷ್ಠ 30. ಈ ಕ್ರಮ ತಿರುಗಿಸುವಂತಿಲ್ಲ. ರೈಲಿಗೆ ಮೊದಲು ಎಲ್ಲಾದರೂ 15 ನಿಮಿಷ ನಿಲ್ಲಿಸಿದ್ದರೆ ರೈಲಿನ ಹೊತ್ತು 30ರ ಲೆಕ್ಕಕ್ಕೆ ಸಿಗುತ್ತದೆ. ಹೊಸಬರು ಇದನ್ನು ಮರೆತು ಕ್ಯಾಲೆಯಲ್ಲಿ ಇಳಿದ ತಕ್ಷಣ ಪಾರ್ಕಿಂಗ್ ಹುಡುಕುತ್ತಾರೆ, ರೈಲಿನಲ್ಲಿ ಉಳಿಸಿದ ಸಮಯ ಅಲ್ಲೇ ಹೋಯಿತು.

ಊಟದ ಡಬ್ಬಿಯ ಮಾತೂ ಹೇಳಬೇಕು. ಬ್ರೆಕ್ಸಿಟ್ ಆದ ಮೇಲೆ ಬ್ರಿಟನ್ನಿನಿಂದ ಯುರೋಪಿನೊಳಗೆ ಮಾಂಸ, ಹಾಲಿನ ಪದಾರ್ಥ ಕೈಯಲ್ಲಿ ಒಯ್ಯುವಂತಿಲ್ಲ. ನನ್ನ ಹೆಂಡತಿ ಕಟ್ಟಿಕೊಡುವ ಚಿತ್ರಾನ್ನ ಗಡಿ ದಾಟಬಹುದು, ಮೊಸರನ್ನ ದಾಟುವಂತಿಲ್ಲ. ಹಡಗಿನಲ್ಲಿ ನಿಧಾನವಾಗಿ ಉಂಡು ಡಬ್ಬಿ ತೊಳೆದಿಡಲು ಹೊತ್ತಿದೆ. ರೈಲಿನಲ್ಲಿ ಬಸ್ಸಿಂದ ಇಳಿದು ಸೀಟು ಹಿಡಿದು ಮುಚ್ಚಳ ತೆಗೆಯುವಷ್ಟರಲ್ಲಿ ಇಳಿಯುವ ಘೋಷಣೆ ಬಂದಂತಾಗುತ್ತದೆ. ದಿನಕ್ಕೆ ಒಂದೇ ಹೊತ್ತು ಮನೆಯ ಅನ್ನ ಸಿಗುವವನಿಗೆ ಇದು ಸಣ್ಣ ವಿಷಯ ಅಲ್ಲ.

ಇದೆಲ್ಲ ಹೋಗುವಾಗಿನ ಮಾತು. ಬರುವಾಗ ನಾನು ಕಣ್ಣು ಮುಚ್ಚಿ ರೈಲೇ ಕೇಳುತ್ತೇನೆ. ಯಾಕೆ ಅಂತ ಹೇಳುತ್ತೇನೆ.

ಒಮ್ಮೆ ಬಾಟಲಿಗಳ ಲೋಡು ತುಂಬಿ ವಾಪಸ್ ಬರುತ್ತಿದ್ದೆ. ಕ್ಯಾಲೆ ಒಂದೂವರೆ ಗಂಟೆ ದಾರಿ ಇರುವಾಗ ರಸ್ತೆ ಪಕ್ಕದ ತಂಗುದಾಣದಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿದೆ. ಕೊನೆಯ ಒಂದೆರಡು ಗಂಟೆ ನಿಲ್ಲಿಸಬಾರದು ಅನ್ನುವುದು ಇಲ್ಲಿನ ಎಲ್ಲಾ ಡ್ರೈವರಿಗೂ ಗೊತ್ತು, ನನಗೂ ಗೊತ್ತಿತ್ತು. ಹೊರಡುವಾಗ ಸುತ್ತು ಬಂದು ಹಗ್ಗ, ಸೀಲು, ಬೀಗ ನೋಡಿದೆ, ಚೆಕ್‌ಲಿಸ್ಟಿನಲ್ಲಿ ಸಮಯ ಬರೆದು ಸಹಿ ಹಾಕಿದೆ. ಟಾರ್ಪಾಲಿನ ನೆತ್ತಿ ನನಗೆ ಕಾಣುವಂತಿರಲಿಲ್ಲ. ಬಂದರಿನಲ್ಲಿ ತಪಾಸಣೆಯ ನಾಯಿ ಟ್ರೈಲರಿನ ಹಿಂದೆ ಹೋಗಿ ಕೂತುಬಿಟ್ಟಿತು. ಬಾಗಿಲು ತೆಗೆಸಿದರು. ಪ್ಯಾಲೆಟ್‌ಗಳ ನಡುವಿನಿಂದ ಇಬ್ಬರು ಹುಡುಗರು ಇಳಿದರು, ನನ್ನ ಮಗನ ಪ್ರಾಯ. ಒಬ್ಬನ ಕಾಲಲ್ಲಿ ಎರಡು ಬೇರೆ ಬೇರೆ ಬೂಟು, ಒಂದಕ್ಕೆ ಲೇಸಿನ ಬದಲು ಪ್ಯಾಕಿಂಗ್ ಪಟ್ಟಿ. ಇಳಿಯುವಾಗ ಅವನು ನನ್ನ ಭುಜ ಹಿಡಿದುಕೊಂಡ, ಕೈ ಮಂಜುಗಡ್ಡೆಯಂತಿತ್ತು. ನನಗೆ ಏನು ಹೇಳಬೇಕೆಂದೇ ತಿಳಿಯಲಿಲ್ಲ.

2023ರ ಫೆಬ್ರವರಿಯಿಂದ ಹೀಗೆ ಲಾರಿಯಲ್ಲಿ ಸಿಕ್ಕಿಬಿದ್ದ ಒಬ್ಬೊಬ್ಬರಿಗೆ 10,000 ಪೌಂಡ್‌ವರೆಗೆ ದಂಡ ಹಾಕಬಹುದು, ಲಾರಿ ಭದ್ರ ಮಾಡದಿದ್ದರೆ 6,000 ಪೌಂಡ್‌ವರೆಗೆ ಬೇರೆ. ನನ್ನನ್ನು ಉಳಿಸಿದ್ದು ಆ ಚೆಕ್‌ಲಿಸ್ಟು. ಪ್ರತಿ ನಿಲುಗಡೆಯ ಸಮಯ, ಸೀಲಿನ ನಂಬರ್, ಸಹಿ ಇತ್ತು. ಅದನ್ನು ಯಾವತ್ತೂ ಕೊನೆಗೆ ಒಂದೇ ಸಲ ಕೂತು ತುಂಬಬೇಡಿ, ನಿಲ್ಲಿಸಿದಾಗಲೆಲ್ಲ ಬರೆಯಿರಿ.

ತಪಾಸಣೆ ಎರಡೂ ಕಡೆ ಬಿಗಿಯೇ: ನಾಯಿ, ಟ್ರೈಲರಿನೊಳಗೆ ಉಸಿರಿನ ಇಂಗಾಲದ ಡೈಆಕ್ಸೈಡ್ ಹಿಡಿಯುವ ಕೊಳವೆ, ಎದೆಬಡಿತ ಪತ್ತೆ ಮಾಡುವ ಯಂತ್ರ. ನಾನು ರೈಲು ಕೇಳುವುದು ಬೇರೆ ಕಾರಣಕ್ಕೆ. ಎ16 ಹೆದ್ದಾರಿಯಿಂದ ಇಳಿದರೆ ಸೀದಾ ಕೊಕೆಲ್, ಅಂದರೆ ಫ್ರಾನ್ಸ್ ಕಡೆಯ ರೈಲು ಟರ್ಮಿನಲ್. ತಪಾಸಣೆ ಆದ ಮೇಲೆ ಲಾರಿ ನಿಂತು ಕಾಯುವ ಹೊತ್ತು ನನ್ನ ಅನುಭವದಲ್ಲಿ ಹಡಗಿಗಿಂತ ಬಹಳ ಕಮ್ಮಿ. ಲಾರಿ ನಿಂತಷ್ಟೂ ಹೊತ್ತು ನನ್ನ ಕಣ್ಣು ಕನ್ನಡಿಯಲ್ಲೇ ಇರುತ್ತದೆ.

ಒಂದು ಎಚ್ಚರಿಕೆ. ರೈಲಿಗೆ ಸುರಂಗದ ದಾರಿ ಒಂದೇ. ಅಲ್ಲಿ ಏನಾದರೂ ದೊಡ್ಡದಾಗಿ ಕೆಟ್ಟರೆ ಬೇರೆ ದಾರಿ ಇಲ್ಲ, ಸಾಲು ಎಂ20ರ ಮೇಲೆ ಬೆಳೆಯುತ್ತದೆ. ಡೋವರಿನಲ್ಲಿ ಒಂದು ಹಡಗು ಕೆಟ್ಟರೆ ಇನ್ನೊಂದು ಇದೆ, ಕ್ಯಾಲೆ ಬೇಡವಾದರೆ ಡಂಕರ್ಕ್ ಇದೆ. ಬೆಲ್ಜಿಯಂ ಕಡೆಯ ಲೋಡಿಗೆ ಡಂಕರ್ಕ್ ಹಡಗನ್ನೇ ಹಿಡಿಯುತ್ತೇನೆ, ಸುಮಾರು ಎರಡು ಗಂಟೆ ಮೈಗೆ ಬಿಡುವು. ಎರಡೂ ಒಟ್ಟಿಗೆ ನಿಂತ ದಿನವೂ ಬಂದಿತ್ತು: 2020ರ ಡಿಸೆಂಬರ್ 20ರ ರಾತ್ರಿ ಕೋವಿಡ್ ಕಾರಣಕ್ಕೆ ಫ್ರಾನ್ಸ್ ಗಡಿ ಮುಚ್ಚಿತು, ಸಾವಿರಾರು ಲಾರಿಗಳು ಕೆಂಟ್‌ನಲ್ಲಿ ಸಿಕ್ಕಿಕೊಂಡವು. ಆಗ ಗ್ರೇವ್ಸೆಂಡಿನ ಗುರುದ್ವಾರದವರೂ ಖಾಲ್ಸಾ ಏಡ್ ಅನ್ನುವ ಸಿಖ್ ಸೇವಾ ಸಂಸ್ಥೆಯವರೂ ಬಿಸಿ ಅಡುಗೆ ತಂದು ಡ್ರೈವರುಗಳಿಗೆ ಹಂಚಿದರು. ಯಾವ ದೇಶದವನು ಅಂತ ಯಾರನ್ನೂ ಕೇಳಲಿಲ್ಲ. ಆ ಉಪಕಾರವನ್ನು ಈ ರಸ್ತೆಯ ಡ್ರೈವರುಗಳು ಇವತ್ತಿಗೂ ನೆನೆಯುತ್ತಾರೆ.

ಹೋಗುವಾಗ ರೈಲೇ ಬೇಕಾದ ಲೋಡು ಒಂದಿದೆ, ಮೀನು. ಸ್ಕಾಟ್ಲೆಂಡಿನ ಸಾಲ್ಮನ್ ಫ್ರಾನ್ಸಿನ ಬುಲೋನ್ ಸುರ್ ಮೇರ್ ಮಾರುಕಟ್ಟೆಗೆ ಹೋಗಬೇಕು, ಪಶುವೈದ್ಯರ ಸಹಿಯ ಪ್ರಮಾಣಪತ್ರ ಜೊತೆಗೆ. ಮಲ್ಪೆಯಿಂದ ಹೊರಟ ಮೀನಿನ ಲಾರಿ ಹಿಂದಿನಿಂದ ನೀರು ಸೋರಿಸುತ್ತಾ ಯಾಕೆ ಹಾಗೆ ಓಡುತ್ತದೆ ಅಂತ ನಮ್ಮ ಕಡೆಯ ಯಾರಿಗೂ ವಿವರಿಸಬೇಕಾಗಿಲ್ಲ. ಈ ಲಾರಿ ಸೋರುವುದಿಲ್ಲ, ಫ್ರಿಜ್ಜಿನ ಲಾರಿ. ಅವಸರ ಮಾತ್ರ ಅದೇ.

ಈ ಗುರುವಾರ ರಾತ್ರಿಯೂ ಸಾಲ್ಮನ್ ಇದೆ, ಹೋಗುವುದಕ್ಕೂ ಬರುವುದಕ್ಕೂ ರೈಲಿಗೆ ಬುಕ್ ಆಗಿದೆ. ಎಂ20ರ 11ನೇ ತಿರುವಿನ ಸ್ಟಾಪ್ 24 ತಂಗುದಾಣದಲ್ಲಿ 15 ನಿಮಿಷದ ವಿರಾಮ ಹಾಕಿ, ಮೊಸರನ್ನ ಅಲ್ಲೇ ಉಂಡು, ಆಮೇಲೆ 11ಎ ಕಡೆ ಹೊರಡುತ್ತೇನೆ.