ಕರುಳಿನ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಯಾವ ನೆರವು ಕೈಹಿಡಿಯುತ್ತದೆ: ನಾಲ್ಕು ಬಗೆಯ ಸೇವೆಗಳ ವಿಮರ್ಶೆ

ಬಯಾಪ್ಸಿ ರಿಪೋರ್ಟ್ ಬಂದ ದಿನದಿಂದ ಚಿಕಿತ್ಸೆ ಶುರುವಾಗುವವರೆಗಿನ ಕೆಲವು ವಾರಗಳೇ ಈ ಕಾಯಿಲೆಯಲ್ಲಿ ಮನಸ್ಸಿಗೆ ಅತಿ ಕಷ್ಟದವು. ಕೈಯಲ್ಲಿರುವ ಕಾಗದದಲ್ಲಿ ಅಡಿನೋಕಾರ್ಸಿನೋಮಾ (ಕರುಳಿನ ಒಳಪದರದ ಗ್ರಂಥಿಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್) ಎಂದಿರುತ್ತದೆ, ಆದರೆ ಅದು ಎಷ್ಟು ಹರಡಿದೆ ಎಂಬುದು ಇನ್ನೂ ಯಾರಿಗೂ ಗೊತ್ತಿರುವುದಿಲ್ಲ. ಆ ಅವಧಿಯಲ್ಲಿ ಸಿಗುವ ನೆರವನ್ನು ನಾವು ಇಲ್ಲಿ ಒಂದೇ ಅಳತೆಯಿಂದ ನೋಡಿದ್ದೇವೆ: ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಎಂಬುದು ಆ ಸೇವೆಯಿಂದ ಸ್ಪಷ್ಟವಾಗುತ್ತದೆಯೇ?

ಈ ಅಳತೆಯಲ್ಲಿ ಕರುಳಿನ ಕ್ಯಾನ್ಸರ್ ಮತ್ತು ಸ್ಟೋಮಾ (ಮಲ ಹೊರಹೋಗಲು ಹೊಟ್ಟೆಯ ಮೇಲೆ ಮಾಡುವ ದಾರಿ) ಆರೈಕೆಯಲ್ಲಿ ತರಬೇತಿ ಪಡೆದ ನರ್ಸ್ ಸೇವೆಗೆ ಸಾಟಿಯಿಲ್ಲ. ಐದಕ್ಕೆ ಐದು. ಒಳ್ಳೆಯ ನರ್ಸ್ ಮೊದಲು ಕೇಳುವುದು ಗಡ್ಡೆ ಎಲ್ಲಿದೆ ಎಂದು. ದೊಡ್ಡ ಕರುಳಿನಲ್ಲಿದ್ದು ಬೇರೆಡೆ ಹರಡದಿದ್ದರೆ ಸಾಮಾನ್ಯವಾಗಿ ಆಪರೇಷನ್ ಮೊದಲು. ಗುದನಾಳದಲ್ಲಿದ್ದರೆ ಎಂಆರ್‌ಐ ಬೇಕು, ಎಷ್ಟೋ ಜನರಿಗೆ ರೇಡಿಯೇಷನ್ ಮತ್ತು ಕೀಮೋ ಆದ ಮೇಲೆಯೇ ಆಪರೇಷನ್. ಪಕ್ಕದ ಹಾಸಿಗೆಯವರಿಗೆ ನಾಳೆಯೇ ಆಪರೇಷನ್, ನಮಗೇಕೆ ಇಲ್ಲ ಎಂಬ ದಿಗಿಲಿಗೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ರಿಪೋರ್ಟ್ ಓದುವಾಗ ಆಗುವ ತಪ್ಪುಗಳನ್ನು ತಿದ್ದುವುದರಲ್ಲೂ ಈ ಸೇವೆ ಮುಂದು. ಬಯಾಪ್ಸಿಯಲ್ಲಿರುವ ಗ್ರೇಡ್ ಅನ್ನು ಜನ ಸ್ಟೇಜ್ ಎಂದುಕೊಂಡು ಕುಸಿಯುತ್ತಾರೆ. ಗ್ರೇಡ್ ಎಂದರೆ ಜೀವಕೋಶ ಮೈಕ್ರೋಸ್ಕೋಪಿನಡಿ ಹೇಗೆ ಕಾಣುತ್ತದೆ ಎಂಬುದು. ಸ್ಟೇಜ್ ಎಂದರೆ ಕಾಯಿಲೆ ಎಲ್ಲಿಯವರೆಗೆ ಹೋಗಿದೆ ಎಂಬುದು. ಎದೆ, ಹೊಟ್ಟೆ, ಕಿಬ್ಬೊಟ್ಟೆಯ ಸಿಟಿ ಸ್ಕ್ಯಾನ್ ಆದ ಮೇಲೂ ಅದು ಅಂದಾಜೇ. ಆಪರೇಷನ್‌ನಲ್ಲಿ ತೆಗೆದ ದುಗ್ಧಗ್ರಂಥಿಗಳನ್ನು, ಕನಿಷ್ಠ 12 ಆದರೂ, ಪರೀಕ್ಷಿಸಿದ ಮೇಲೆ ಅದು ಖಚಿತವಾಗುತ್ತದೆ. ಸಿಇಎ (ಈ ಕ್ಯಾನ್ಸರ್‌ನಲ್ಲಿ ಏರಬಹುದಾದ ಒಂದು ಪ್ರೋಟೀನ್) ರಕ್ತಪರೀಕ್ಷೆ ಸರಿಯಾಗಿ ಬಂದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲವೆಂದಲ್ಲ, ಸ್ವಲ್ಪ ಏರಿದ್ದರೆ ಹರಡಿದೆ ಎಂದೂ ಅಲ್ಲ. ಯಕೃತ್ತಿನಲ್ಲಿ ಕಂಡ ಚುಕ್ಕೆ ಬರೀ ನೀರುಗುಳ್ಳೆಯೂ ಆಗಿರಬಹುದು. ಇಷ್ಟನ್ನು ಯಾರಾದರೂ ಅರ್ಧ ಗಂಟೆ ಕೂತು ವಿವರಿಸಿದರೆ ಮನೆಯವರೆಲ್ಲರ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತದೆ.

ಸ್ಟೋಮಾ ಬೇಕಾಗಬಹುದು ಎಂದಿದ್ದರೆ ಆಪರೇಷನ್‌ಗೆ ಮುಂಚೆಯೇ ಹೊಟ್ಟೆಯ ಮೇಲೆ ಜಾಗ ಗುರುತು ಮಾಡಿಸಿಕೊಳ್ಳಿ. ಇದನ್ನು ಒತ್ತಾಯ ಮಾಡಿಯಾದರೂ ಕೇಳಿ ಪಡೆಯಬೇಕು. ನರ್ಸ್ ನಿಮ್ಮನ್ನು ಮಲಗಿಸಿ, ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡುತ್ತಾರೆ. ಚರ್ಮದ ಮಡಿಕೆ, ಹಳೆಯ ಗಾಯದ ಗುರುತು, ಸೊಂಟಪಟ್ಟಿ ಬರುವ ಜಾಗ, ಹೊಕ್ಕುಳು ಇವನ್ನೆಲ್ಲ ಬಿಟ್ಟು ನಿಮ್ಮ ಕಣ್ಣಿಗೇ ಕಾಣುವ ಸಮತಟ್ಟಾದ ಜಾಗ ಆರಿಸುತ್ತಾರೆ. ಗುರುತಿಲ್ಲದೆ ಮಾಡಿದ ಸ್ಟೋಮಾ ಮಡಿಕೆಯೊಳಗೆ ಕೂತರೆ ಮಲ ಸೇರುವ ಚೀಲವನ್ನು ಚರ್ಮಕ್ಕೆ ಹಿಡಿದಿಡುವ ಅಂಟುಫಲಕ ಅಲ್ಲೇ ಏಳುತ್ತದೆ, ಮಲ ಸೋರುತ್ತದೆ, ಚರ್ಮ ಸುಡುತ್ತದೆ. ಚರ್ಮ ಹಸಿಯಾದ ಮೇಲೆ ಹೊಸ ಚೀಲವೂ ಅಂಟುವುದಿಲ್ಲ. ಫಲಕದ ರಂಧ್ರ ಸ್ಟೋಮಾಕ್ಕಿಂತ 2-3 ಮಿಲಿಮೀಟರ್ ಮಾತ್ರ ದೊಡ್ಡದಿರಬೇಕು. ಮೊದಲ 6-8 ವಾರಗಳಲ್ಲಿ ಸ್ಟೋಮಾ ಕುಗ್ಗುವುದರಿಂದ ಆಗಾಗ ಅಳೆದು ಕತ್ತರಿಸಬೇಕು. ಮೊದಲ ದಿನ ಕೊಟ್ಟ ಅಳತೆಯಲ್ಲೇ ಮುಂದುವರಿಯುವುದು ಸೋರಿಕೆಗೆ ದೊಡ್ಡ ಕಾರಣ. ಚೀಲ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ತುಂಬುತ್ತಲೇ ಖಾಲಿ ಮಾಡಿ, ಇಲ್ಲದಿದ್ದರೆ ಭಾರಕ್ಕೆ ಫಲಕ ಕಿತ್ತು ಬರುತ್ತದೆ.

ಈ ಸೇವೆಯ ಕೊರತೆ ಒಂದೇ. ಹಲವು ಕಡೆ ಒಬ್ಬ ನರ್ಸ್, ಬಹಳ ಜನ ರೋಗಿಗಳು, ಹಗಲಿನ ಹೊತ್ತು ಮಾತ್ರ. ಹಾಗಾಗಿ ಮೊದಲ ಭೇಟಿಯಲ್ಲೇ ಮೂರು ವಿಷಯ ಬರೆಸಿಕೊಳ್ಳಿ: ಅವರ ಹೆಸರು ಮತ್ತು ನಂಬರ್, ಅವರು ರಜೆಯಲ್ಲಿದ್ದಾಗ ನೋಡಿಕೊಳ್ಳುವವರು, ರಾತ್ರಿ ಕರೆ ಮಾಡಬೇಕಾದ ನಂಬರ್. ಹೊಟ್ಟೆ ಉಬ್ಬಿ, ಗಾಳಿಯೂ ಹೋಗದೆ, ವಾಂತಿ ಶುರುವಾದರೆ ಯಾವ ನಂಬರಿಗೂ ಕಾಯದೆ ತುರ್ತು ವಿಭಾಗಕ್ಕೆ ಹೋಗಿ. ಕೀಮೋ ನಡೆಯುವಾಗ ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೂ ಅಷ್ಟೇ.

ಎರಡನೆಯದು ಅನುಭವಿಗಳ ಬೆಂಬಲ, ಅಂದರೆ ಇದೇ ದಾರಿಯಲ್ಲಿ ಹೋಗಿ ಬಂದವರ ಜೊತೆ ಮಾತುಕತೆ. ಹೊಂದಾಣಿಕೆ ಸರಿಯಿದ್ದರೆ ಐದಕ್ಕೆ ನಾಲ್ಕೂವರೆ, ಇಲ್ಲದಿದ್ದರೆ ಎರಡು. ಗಡ್ಡೆಯ ಜಾಗ, ಸ್ಟೇಜ್, ಚಿಕಿತ್ಸೆ, ಸಾಧ್ಯವಾದರೆ ವಯಸ್ಸು ಹೊಂದುವವರನ್ನೇ ಕೇಳಿ ಪಡೆಯಿರಿ. ಮೊದಲ ಸ್ಟೇಜಿನವರಿಗೆ ನಾಲ್ಕನೇ ಸ್ಟೇಜಿನವರ ಕಥೆ ಬರೀ ಭಯ ಹುಟ್ಟಿಸುತ್ತದೆ. ನಾಲ್ಕನೇ ಸ್ಟೇಜಿನವರಿಗೆ ಮೊದಲ ಸ್ಟೇಜಿನವರ ಧೈರ್ಯದ ಮಾತು ಗಾಯದ ಮೇಲೆ ಉಪ್ಪು. ಚೀಲ ಹಾಕಿಕೊಂಡು ಮಗ್ಗುಲಾಗಿ ಮಲಗುವುದು ಹೇಗೆ, ಪ್ರಯಾಣಕ್ಕೆ ಎಷ್ಟು ಚೀಲ ಒಯ್ಯಬೇಕು, ಸಂಗಾತಿಯ ಜೊತೆ ಈ ವಿಷಯ ಹೇಗೆ ಎತ್ತಬೇಕು ಎಂಬ ಪ್ರಶ್ನೆಗಳಿಗೆ ಡಾಕ್ಟರಿಗಿಂತ ಇವರೇ ಚೆನ್ನಾಗಿ ಉತ್ತರಿಸುತ್ತಾರೆ. ತರಬೇತಿ ಪಡೆದವರನ್ನು ಗುರುತಿಸುವುದು ಸುಲಭ: ಅವರು ಕಡಿಮೆ ಮಾತಾಡಿ ಹೆಚ್ಚು ಕೇಳಿಸಿಕೊಳ್ಳುತ್ತಾರೆ, ಔಷಧ ಸೂಚಿಸುವುದಿಲ್ಲ.

ಆಹಾರದ ಸಲಹೆ ಮಾತ್ರ ಗುಂಪಿನಿಂದ ಬೇಡ. ನಾರಿನಂಶ ಹೆಚ್ಚಿಸಿ ಎಂಬ ಮಾತು ಸದುದ್ದೇಶದ್ದೇ ಇರಬಹುದು, ಆದರೆ ಗಡ್ಡೆಯಿಂದ ಕರುಳು ಕಿರಿದಾಗಿರುವವರಲ್ಲಿ ಅದೇ ನಾರು ಸಿಕ್ಕಿಕೊಂಡು ದಾರಿ ಕಟ್ಟಬಹುದು. ಇಲಿಯೋಸ್ಟಮಿ (ಸಣ್ಣ ಕರುಳಿನಿಂದ ಮಾಡಿದ ಸ್ಟೋಮಾ) ಆದವರಿಗೆ ಬರೀ ನೀರು ಹೆಚ್ಚು ಕುಡಿಯಿರಿ ಎನ್ನುವುದೂ ಹಾಗೆಯೇ. ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ಹೊರಹೋಗುತ್ತಿದ್ದರೆ ದೇಹಕ್ಕೆ ಉಪ್ಪೂ ಬೇಕು. ಓಆರ್‌ಎಸ್ ಎಷ್ಟು ಎಂಬುದನ್ನು ಚಿಕಿತ್ಸಾ ತಂಡವೇ ಹೇಳಬೇಕು.

ದೂರವಾಣಿ ಸಹಾಯವಾಣಿಗೆ ಮೂರೂವರೆ. ಪದಗಳ ಅರ್ಥ ತಿಳಿಯಲು, ಮುಂದಿನ ಭೇಟಿಗೆ ಪ್ರಶ್ನೆ ಸಿದ್ಧಮಾಡಲು ಒಳ್ಳೆಯದು. ನಿಮ್ಮ ರಿಪೋರ್ಟ್ ಅವರ ಮುಂದಿಲ್ಲ, ಹಾಗಾಗಿ ನಿರ್ಧಾರಕ್ಕೆ ಅಲ್ಲ. ಗುಣವಾಗುವ ಭರವಸೆ ಕೊಡುವ, ಚಿಕಿತ್ಸೆ ನಿಲ್ಲಿಸಿ ಎನ್ನುವ, ಏನನ್ನಾದರೂ ಮಾರುವ ನಂಬರ್ ಸಹಾಯವಾಣಿಯಲ್ಲ. ಫೋನ್ ಇಟ್ಟುಬಿಡಿ.

ಆಪ್ತಸಮಾಲೋಚನೆಗೆ ನಾಲ್ಕು. ಹಲವೆಡೆ 0ಯಿಂದ 10ರವರೆಗಿನ ಸಂಕಟದ ಮಾಪಕ ತೋರಿಸಿ ಗುರುತು ಹಾಕಲು ಹೇಳುತ್ತಾರೆ. 4 ಅಥವಾ ಹೆಚ್ಚು ಬಂದರೆ ಮುಂದಿನ ವಿಚಾರಣೆ ಬೇಕೆಂದು ಅರ್ಥ. ಜನ ಧೈರ್ಯ ತೋರಿಸಲು 2 ಎಂದು ಬರೆದುಬಿಡುತ್ತಾರೆ, ಸಿಗಬೇಕಾದ ನೆರವು ಅಲ್ಲಿಗೇ ತಪ್ಪುತ್ತದೆ. ಇದ್ದದ್ದನ್ನು ಬರೆಯಿರಿ. ಬದುಕು ಬೇಡ ಎಂಬ ಯೋಚನೆ ಬರುತ್ತಿದ್ದರೆ ಅದೇ ದಿನ, ಅದೇ ಮಾತಿನಲ್ಲಿ ಹೇಳಿ. ನೋಡಿಕೊಳ್ಳುವ ಮನೆಯವರಿಗೂ ಈ ಸೇವೆ ಉಂಟೇ ಎಂದು ಕೇಳಿ.

ಈ ಎಲ್ಲ ಸೇವೆಗಳೂ ಸಾಮಾನ್ಯವಾಗಿ ತಡಮಾಡುವ ಎರಡು ವಿಷಯಗಳಿವೆ. ಒಂದು, ಗಡ್ಡೆಯ ಎಂಎಂಆರ್ ಪರೀಕ್ಷೆ, ಅಂದರೆ ಡಿಎನ್‌ಎಯ ತಪ್ಪುಗಳನ್ನು ತಿದ್ದುವ ಪ್ರೋಟೀನ್‌ಗಳು ಗಡ್ಡೆಯಲ್ಲಿ ಇವೆಯೇ ಎಂದು ನೋಡುವುದು. ಅದರಲ್ಲಿ ಕೊರತೆ ಕಂಡರೆ ಕೆಲವರಲ್ಲಿ ಅದು ಲಿಂಚ್ ಸಿಂಡ್ರೋಮ್ ಎಂಬ ವಂಶವಾಹಿ ತೊಂದರೆಯ ಸುಳಿವು. ಎಲ್ಲರಲ್ಲೂ ಅಲ್ಲ. ಒಡಹುಟ್ಟಿದವರ, ಮಕ್ಕಳ ತಪಾಸಣೆ ಯಾವಾಗ ಶುರುವಾಗಬೇಕು ಎಂಬುದು ಈ ಫಲಿತಾಂಶದ ಮೇಲೆ ನಿಂತಿದೆ. ಇನ್ನೊಂದು, ಮುಂದೆ ಮಕ್ಕಳು ಬೇಕೆನ್ನುವವರ ಪ್ರಶ್ನೆ. ಕಿಬ್ಬೊಟ್ಟೆಗೆ ಕೊಡುವ ರೇಡಿಯೇಷನ್ ಅಂಡಾಶಯವನ್ನು ಕೆಲಸ ನಿಲ್ಲಿಸುವಂತೆ ಮಾಡಬಹುದು, ವೀರ್ಯಾಣುಗಳಿಗೂ ಹಾನಿ ಮಾಡಬಹುದು. ಅಂಡಾಣು ಅಥವಾ ವೀರ್ಯಾಣು ಕಾಯ್ದಿಡುವ ಏರ್ಪಾಡು ಮೊದಲ ಡೋಸ್‌ಗೆ ಮುಂಚೆಯೇ ಆಗಬೇಕು, ಆದ್ದರಿಂದ ಡಾಕ್ಟರ್ ಎತ್ತದಿದ್ದರೆ ಚಿಕಿತ್ಸೆಯ ದಿನಾಂಕ ಒಪ್ಪಿಕೊಳ್ಳುವ ಮೊದಲು ನೀವೇ ಎತ್ತಿ.