ಡಾನ್‌ಡಾಂಗ್‌ನ ತುಂಡು ಸೇತುವೆ: ಕೊಟ್ಟ ಟಿಕೆಟ್ಟಿಗೆ ಸಿಗುವುದೇನು?

ಉತ್ತರ ಕೊರಿಯಾವನ್ನು ದುರ್ಬೀನಿನಲ್ಲಿ ನೋಡಿ ಬರೋಣ ಅಂತ ಚೀನಾದ ಡಾನ್‌ಡಾಂಗ್‌ಗೆ ಹೋಗುವವರೇ ಜಾಸ್ತಿ. ಅಷ್ಟಕ್ಕೇ ಹೋದರೆ ಅರ್ಧ ಗಂಟೆಯಲ್ಲಿ ಬೇಜಾರಾಗುತ್ತದೆ. ಇಲ್ಲಿ ನೋಡಬೇಕಾದದ್ದು ಎರಡೂ ದೇಶಗಳ ಗಡಿಯಾಗಿರುವ ಯಾಲು ನದಿಯ ಮೂರು ಸೇತುವೆಗಳನ್ನು. ಬೀಜಿಂಗ್‌–ಪ್ಯಾಂಗ್ಯಾಂಗ್ ನಂಟು ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಅನ್ನುವುದು ಅವುಗಳಲ್ಲೇ ಕಾಣುತ್ತದೆ.

ಮೊದಲು ತುಂಡು ಸೇತುವೆ. ಟಿಕೆಟ್ ಸುಮಾರು 30 ಯುವಾನ್, ಪಾಸ್‌ಪೋರ್ಟ್ ಜೊತೆಗಿರಲಿ. 1911ರಲ್ಲಿ ಜಪಾನಿಯರು ಕಟ್ಟಿ ಮುಗಿಸಿದ್ದು. 1950ರ ನವೆಂಬರ್‌ನಲ್ಲಿ ಕೊರಿಯಾ ಯುದ್ಧದ ಹೊತ್ತಿಗೆ ಅಮೆರಿಕದ ವಿಮಾನಗಳಿಗೆ ಕೊರಿಯಾ ಕಡೆಯ ಅರ್ಧಕ್ಕೆ ಮಾತ್ರ ಬಾಂಬ್ ಹಾಕಲು ಅಪ್ಪಣೆಯಿತ್ತು. ಹಾಗಾಗಿ ಈಚೆ ನಾಲ್ಕು ಅಂಕಣ (ಎರಡು ಕಂಬಗಳ ನಡುವಿನ ಭಾಗ) ಉಳಿದಿವೆ, ಆಚೆ ನೀರಿನಲ್ಲಿ ಬರೀ ಕಂಬಗಳು. ಎಲ್ಲರೂ ಫೋಟೊಗೆಂದು ನೇರ ತುದಿಗೆ ಓಡುತ್ತಾರೆ. ಅದಕ್ಕೆ ಮೊದಲು, ಹಡಗಿಗೆ ದಾರಿ ಬಿಡಲು ಅಡ್ಡಕ್ಕೆ ತಿರುಗುತ್ತಿದ್ದ ಅಂಕಣವನ್ನು ನಿಂತು ನೋಡಿ. ತುದಿಯಲ್ಲಿ ತಿರುಚಿಕೊಂಡ ಉಕ್ಕಿನ ತೊಲೆಗಳು ಹಾಗೇ ಇವೆ. ಫಲಕಗಳಲ್ಲಿರುವುದು ಚೀನಾದ ಕಥೆ. 1950ರ ಜೂನ್‌ನಲ್ಲಿ ದಕ್ಷಿಣ ಕೊರಿಯಾದ ಮೇಲೆ ಮೊದಲು ಏರಿ ಹೋದದ್ದು ಉತ್ತರ ಕೊರಿಯಾ ಅನ್ನುವುದನ್ನು ಅಲ್ಲಿ ಹುಡುಕಬೇಡಿ.

ಪಕ್ಕದ್ದೇ ಸ್ನೇಹ ಸೇತುವೆ, 1943ರದ್ದು. ಒಂದು ರೈಲು ಹಳಿ, ಒಂದೇ ಲಾರಿ ಹೋಗುವಷ್ಟು ರಸ್ತೆ. ಲಾರಿಗಳ ಸಾಲು ಒಂದು ಹೊತ್ತಿಗೆ ಒಂದೇ ದಿಕ್ಕಿಗೆ. ತುಂಡು ಸೇತುವೆಯ ಮೇಲಿಂದ ಇದು ಚೆನ್ನಾಗಿ ಕಾಣುತ್ತದೆ. ಟಿಕೆಟ್ಟಿನ ದುಡ್ಡು ಇಲ್ಲಿಗೇ ವಸೂಲು. ಉತ್ತರ ಕೊರಿಯಾದ ವ್ಯಾಪಾರದ ಶೇ. 90ಕ್ಕೂ ಹೆಚ್ಚು ಚೀನಾದ ಜೊತೆಗೆ, ಅದರಲ್ಲಿ ದೊಡ್ಡ ಪಾಲು ಡಾನ್‌ಡಾಂಗ್ ಮೂಲಕ. 2017ರ ವಿಶ್ವಸಂಸ್ಥೆ ನಿರ್ಬಂಧಗಳು ಕಲ್ಲಿದ್ದಲು, ಅದಿರು, ಮೀನು, ಜವಳಿಯ ರಫ್ತು ನಿಲ್ಲಿಸಿದ ಮೇಲೆ ಆಚೆಯಿಂದ ಸಕ್ರಮವಾಗಿ ಬರುವ ಮುಖ್ಯ ಸರಕೆಂದರೆ ವಿಗ್ಗು, ಕೃತಕ ಕಣ್ರೆಪ್ಪೆ! ಕಚ್ಚಾ ತೈಲ ಮಾತ್ರ ಸೇತುವೆ ಹತ್ತುವುದೇ ಇಲ್ಲ. 1970ರ ದಶಕದಿಂದಲೂ ಗಡಿಯಾಚೆಯ ಸಂಸ್ಕರಣಾಗಾರಕ್ಕೆ ಕೊಳವೆಯಲ್ಲೇ ಹೋಗುತ್ತದೆ. ಅದರ ನಲ್ಲಿ ಚೀನಾದ ಕೈಯಲ್ಲಿದೆ.

ಇಷ್ಟು ನೋಡಿದವರಿಗೆ ಚೀನಾ ಹೇಳಿದಂತೆ ಕೊರಿಯಾ ಕುಣಿಯುತ್ತದೆ ಅನ್ನಿಸಬಹುದು. ಹಾಗನ್ನಿಸಿದರೆ ಟ್ಯಾಕ್ಸಿ ಹಿಡಿದು ಹತ್ತು ಕಿ.ಮೀ. ಕೆಳಕ್ಕೆ, ಹೊಸ ಸೇತುವೆಗೆ ಹೋಗಿ. ಕೇಬಲ್ಲುಗಳ ಭರ್ಜರಿ ಸೇತುವೆ. ಚೀನಾ 200 ಕೋಟಿ ಯುವಾನ್‌ಗೂ ಹೆಚ್ಚು ಸುರಿದು 2014ಕ್ಕೇ ಮುಗಿಸಿತು. ಆಚೆಯವರು ತಮ್ಮ ಕಡೆ ರಸ್ತೆಯನ್ನಾಗಲೀ ಕಸ್ಟಮ್ಸ್ ಕಟ್ಟಡವನ್ನಾಗಲೀ ವರ್ಷಗಟ್ಟಲೆ ಕಟ್ಟಲಿಲ್ಲ. ಇನ್ನೊಂದು ತುದಿ ಗದ್ದೆಯಲ್ಲಿ ಇಳಿದು, ಹತ್ತು ವರ್ಷ ಕಳೆದರೂ ಸೇತುವೆ ಖಾಲಿಯಾಗೇ ಉಳಿಯಿತು. ಚೀನಾದ ಜೊತೆಗಿನ ವ್ಯವಹಾರ ನೋಡಿಕೊಳ್ಳುತ್ತಿದ್ದ ಜಾಂಗ್ ಸಾಂಗ್ ಥೇಕ್‌ರನ್ನು ಹೆಂಡತಿಯ ಸೋದರಳಿಯ ಕಿಮ್ ಜಾಂಗ್ ಉನ್ 2013ರ ಡಿಸೆಂಬರ್‌ನಲ್ಲಿ ಕೊಲ್ಲಿಸಿದ್ದರು. ನೆಲ, ಖನಿಜಗಳನ್ನು ಹೊರದೇಶಕ್ಕೆ ಅಗ್ಗಕ್ಕೆ ಮಾರಿದರೆಂಬುದು ಆರೋಪಗಳಲ್ಲಿ ಒಂದು. ಅದಾದ ಮೇಲೆ ಚೀನಾ ಕೊಟ್ಟ ಸೇತುವೆಗೆ ರಸ್ತೆ ಕಟ್ಟೋಣ ಅಂತ ಯಾವ ಅಧಿಕಾರಿ ಬಾಯಿ ಬಿಟ್ಟಾನು?

ದೋಣಿ ವಿಹಾರಕ್ಕೂ ಹೋಗಬಹುದು, ಚಳಿಗಾಲದಲ್ಲಿ ನೆಚ್ಚಿಕೊಳ್ಳಬೇಡಿ. 1962ರ ಗಡಿ ಒಪ್ಪಂದದ ಪ್ರಕಾರ ನದಿಯ ನೀರು ಪೂರ್ತಿ ಇಬ್ಬರದ್ದೂ. ಹಾಗಾಗಿ ಆಚೆ ದಡದ ಹತ್ತಿರಕ್ಕೇ ದೋಣಿ ಹೋಗುತ್ತದೆ. ಇಳಿದರೆ ಮಾತ್ರ ತಪ್ಪು. ಸೈನಿಕರತ್ತ ಕ್ಯಾಮೆರಾ ಹಿಡಿಯಬೇಡಿ, ಏನನ್ನೂ ಎಸೆಯಬೇಡಿ. ಉತ್ತರ ಕೊರಿಯಾಕ್ಕೆ ಸೇರಿದ ವಿಹ್ವಾ ದ್ವೀಪದಲ್ಲಿ ಕಾಣುವ ಹೊಸ ಕಟ್ಟಡಗಳು 2024ರ ಜುಲೈ ನೆರೆಯ ನಂತರದವು. ಆಗ ಕಿಮ್ ಹೊರಗಿನ ನೆರವು ಬೇಡವೆಂದರು. 1388ರಲ್ಲಿ ಚೀನಾದ ಮಿಂಗ್‌ರ ಮೇಲೆ ದಂಡೆತ್ತಿ ಹೊರಟ ಕೊರಿಯಾದ ಸೇನಾಪತಿ ಯಿ ಸಾಂಗ್ ಗ್ಯೆ ಇದೇ ದ್ವೀಪದಿಂದ ಹಿಂದಿರುಗಿ, ಕಳಿಸಿದ ರಾಜನನ್ನೇ ಇಳಿಸಿದ್ದ. ದೋಣಿಯವರು ಇದನ್ನೆಲ್ಲ ಹೇಳಲಿಕ್ಕಿಲ್ಲ, ಓದಿಕೊಂಡು ಹೋಗಿ.

ಶೆನ್ಯಾಂಗ್‌ನಿಂದ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಭಾರತೀಯರಿಗೆ ಚೀನಾ ವೀಸಾ ಬೇಕು. ಕೊರಿಯಾಕ್ಕೆ ದಾಟಿ ಚೀನಾಕ್ಕೇ ವಾಪಸು ಬರುವ ಯೋಚನೆಯಿದ್ದರೆ ಎರಡು ಪ್ರವೇಶದ ವೀಸಾ ಮಾಡಿಸಿ; ಒಂದೇ ಪ್ರವೇಶದ್ದಾದರೆ ಹಿಂದಿರುಗುವಾಗ ಸಿಕ್ಕಿಬೀಳುತ್ತೀರಿ. ತುಂಡು ಸೇತುವೆಗೆ ಐದರಲ್ಲಿ ನಾಲ್ಕು ಅಂಕ. ದುರ್ಬೀನಿನ ಬಾಡಿಗೆಗೆ ಒಂದೂ ಇಲ್ಲ.