ಅಂಧೇರಿಯಿಂದ ಫೋರ್ಟ್‌ಗೆ: ಲೋಕಲ್ಲೋ, ಮೆಟ್ರೋನೋ?

ಮುಂಬೈಯಲ್ಲಿ ನಮ್ಮ ಮನೆ ಅಂಧೇರಿ ಪೂರ್ವದ ಚಕಾಲಾದಲ್ಲಿ, ನನ್ನ ಆಫೀಸು ಫೋರ್ಟ್‌ನಲ್ಲಿ. ಇಷ್ಟು ವರ್ಷ ಇದ್ದದ್ದು ಒಂದೇ ದಾರಿ. ಅಂಧೇರಿ ಸ್ಟೇಷನ್ನಿಗೆ ಹೋಗಿ ಚರ್ಚ್‌ಗೇಟ್‌ಗೆ ಹೋಗುವ ಫಾಸ್ಟ್ ಲೋಕಲ್ ರೈಲು ಹಿಡಿಯುವುದು, ಅಲ್ಲಿಂದ ಮುಂದೆ ನಡೆಯುವುದು. 2025ರ ಅಕ್ಟೋಬರ್‌ನಲ್ಲಿ ಮೆಟ್ರೋ ಮೂರನೇ ಲೈನು ಕಫ್ ಪರೇಡ್ ತನಕ ಪೂರ್ತಿ ಶುರುವಾಯಿತು ನೋಡಿ, ಆವಾಗಿನಿಂದ ಮನೆಯಲ್ಲಿ ಬೆಳಿಗ್ಗೆ ತಿಂಡಿ ಹೊತ್ತಿಗೆ ಇದೇ ಚರ್ಚೆ. ನಮ್ಮವರು ಮೆಟ್ರೋ ಪಕ್ಷ. ನಾನು ಎರಡರಲ್ಲೂ ಓಡಾಡಿದೆ. ನಡುವೆ ಎಸಿ ಲೋಕಲನ್ನೂ ನೋಡಿದ್ದಾಯಿತು.

ದುಡ್ಡಿನ ವಿಷಯ ಮೊದಲೇ ಮುಗಿಸಿಬಿಡುತ್ತೇನೆ. ಅಂಧೇರಿಯಿಂದ ಚರ್ಚ್‌ಗೇಟ್‌ಗೆ ಸೆಕೆಂಡ್ ಕ್ಲಾಸ್ ಟಿಕೆಟ್ಟು 10 ರೂಪಾಯಿ. ಪಾಸ್ ಮಾಡಿಸಿದರೆ ಇನ್ನೂ ಅಗ್ಗ. ಮೆಟ್ರೋ ಮೂರರಲ್ಲಿ ಈ ತುದಿಯಿಂದ ಆ ತುದಿಗೆ 70 ರೂಪಾಯಿ. ನನ್ನದು ಅಷ್ಟು ಉದ್ದದ ದಾರಿಯಲ್ಲ, ಆದರೂ ಲೋಕಲ್‌ಗಿಂತ ಎಷ್ಟೋ ಪಟ್ಟು ಜಾಸ್ತಿ.

ಸಮಯ? ಹೆಚ್ಚುಕಮ್ಮಿ ಎರಡಕ್ಕೂ ಅಷ್ಟೇ. ಫಾಸ್ಟ್ ಲೋಕಲ್ ಸುಮಾರು ಮುಕ್ಕಾಲು ಗಂಟೆಯೊಳಗೆ ಮುಟ್ಟಿಸುತ್ತದೆ, ನಿಜ. ಆದರೆ ವಿರಾರ್, ಬೋರಿವಲಿ ಕಡೆಯಿಂದ ಬಂದದ್ದು ಅಂಧೇರಿಗೆ ಬರುವಾಗಲೇ ತುಂಬಿರುತ್ತದೆ. ಒಂದೆರಡು ಗಾಡಿ ಬಿಡಬೇಕು. ಮೆಟ್ರೋ ಅಂದರೆ ಚಕಾಲಾದಿಂದ ಒಂದನೇ ಲೈನಿನಲ್ಲಿ ಹೋಗಿ, ಮರೋಳ್ ನಾಕಾದಲ್ಲಿ ಮೂರನೆಯದಕ್ಕೆ ಬದಲಾಯಿಸಬೇಕು. ಒಂದನೇ ಲೈನು ಓಡುವುದು ಕಂಬದ ಮೇಲೆ, ಮೂರನೆಯದು ನೆಲದೊಳಗೆ. ಮೇಲಿಂದ ಇಳಿದು, ಬ್ಯಾಗು ಸ್ಕ್ಯಾನಿಗೆ ಕೊಟ್ಟು, ಒಂದಾದ ಮೇಲೊಂದು ಎಸ್ಕಲೇಟರ್‌ನಲ್ಲಿ ಪಾತಾಳ ಸೇರುವಷ್ಟರಲ್ಲಿ ಉಳಿಸಿದ ಸಮಯ ಹೋಯಿತು. ಹುತಾತ್ಮಾ ಚೌಕದಲ್ಲಿ ಮೇಲೆ ಬಂದರೆ ಆಫೀಸು ಹತ್ತಿರ, ಚರ್ಚ್‌ಗೇಟ್‌ನಿಂದ ನಡೆಯುವ ಕಷ್ಟವಿಲ್ಲ. ಅದೊಂದು ಲಾಭ.

ಹಾಗಾಗಿ ನನಗೆ ಮುಖ್ಯ ಅನ್ನಿಸುವುದು ಆ ಒಂದು ಗಂಟೆ ಹೇಗೆ ಕಳೆಯುತ್ತದೆ ಅನ್ನುವುದು.

ಮೂರನೇ ಲೈನು ಮೂವತ್ಮೂರೂವರೆ ಕಿಲೋಮೀಟರ್, 27 ಸ್ಟೇಷನ್. ಆರೇ ಅನ್ನುವ ಸ್ಟೇಷನ್ ಒಂದು ಬಿಟ್ಟರೆ ಉಳಿದದ್ದೆಲ್ಲ ನೆಲದೊಳಗೆ. ಬಿಕೆಸಿ, ಅಂದರೆ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಿಂದ ಧಾರಾವಿಗೆ ಹೋಗುವಾಗ ತಲೆ ಮೇಲೆ ಮೀಠಿ ನದಿ ಹರಿಯುತ್ತಿರುತ್ತದೆ, ಯಾರಿಗೂ ಸುಳಿವಿಲ್ಲ. ಅದೇ ನೀರು ಮುಂದೆ ಮಾಹಿಮ್ ಖಾಡಿ, ಅಂದರೆ ಅಳಿವೆ ಸೇರುತ್ತದಲ್ವಾ? ಲೋಕಲ್‌ನಲ್ಲಿ ಬಾಂದ್ರಾ ದಾಟಿ ಆ ಖಾಡಿ ಬಂತು ಅಂದರೆ, ಕಣ್ಣು ಮುಚ್ಚಿದ್ದರೂ ಮೂಗು ಹೇಳುತ್ತದೆ. ಮಹಾಲಕ್ಷ್ಮಿ ಎರಡು ದಾರಿಯಲ್ಲೂ ಇದೆ. ಲೋಕಲ್‌ನಲ್ಲಿ ಧೋಬಿ ಘಾಟ್‌ನ ಬಟ್ಟೆ ಸಾಲು ಕಾಣುತ್ತದೆ, ಮೆಟ್ರೋದಲ್ಲಿ ಸ್ಟೇಷನ್ನಿನ ಬೋರ್ಡು.

ಇನ್ನು ಲೇಡೀಸ್ ಡಬ್ಬಾ. ಸೀಟು ಸಿಗುವ ಕ್ರಮವೇ ಬೇರೆ ಅಲ್ಲಿ. ಹತ್ತಿದ ಕೂಡಲೇ ಕೂತವರನ್ನೆಲ್ಲ ಕೇಳುತ್ತಾ ಹೋಗಬೇಕು, 'ಕಿಧರ್ ಉತರ್‌ನಾ ಹೈ?' ಯಾರೋ 'ದಾದರ್' ಅಂದರು ಅಂದರೆ ಆ ಸೀಟು ನಿಮ್ಮದು. ನಿಮಗಿಂತ ಮೊದಲೇ ಬೇರೆಯವಳು ಕೇಳಿಟ್ಟಿದ್ದರೆ ಅವಳದ್ದು. ಚೀಟಿಯಿಲ್ಲ, ಟಿಸಿ ಇಲ್ಲ, ಎಲ್ಲ ಬಾಯಿಮಾತಿನಲ್ಲೇ. ಮೂರು ಜನರ ಬೆಂಚಿನಲ್ಲಿ ನಾಲ್ಕನೆಯವಳು ಅರ್ಧ ಕೂತು ಅರ್ಧ ನಿಂತು ಬರುತ್ತಾಳೆ.

ಕಿವಿಯೋಲೆ ಮಾರುವವಳು ಬಂದರಂತೂ ನನ್ನ ಪುಸ್ತಕ ಬ್ಯಾಗು ಸೇರುತ್ತದೆ. ಓಲೆ ಚುಚ್ಚಿದ ರಟ್ಟುಗಳನ್ನು ಒಂದು ತಂತಿಗೆ ಸಾಲಾಗಿ ಪೋಣಿಸಿರುತ್ತಾಳೆ. ಅದನ್ನು ಮೇಲಿನ ಸರಳಿಗೆ ಸಿಕ್ಕಿಸಿ ಸುಮ್ನೆ ನಿಲ್ಲುತ್ತಾಳೆ. ಕಿಟಕಿ ಹತ್ತಿರದವಳು ಒಂದು ಜೊತೆ ತೆಗೆದು ಕಿವಿಗೆ ಹಿಡಿಯುತ್ತಾಳೆ, ಫೋನಿನ ಕ್ಯಾಮೆರಾದಲ್ಲಿ ನೋಡಿಕೊಳ್ಳುತ್ತಾಳೆ, ಮುಖ ಸಿಂಡರಿಸಿ ಪಕ್ಕದವಳಿಗೆ ಕೊಡುತ್ತಾಳೆ. ಅದೇ ಜೊತೆ ಬಾಗಿಲ ತನಕ ಹೋಗಿ ವಾಪಸ್ ಬರುತ್ತದೆ. ಯಾವುದು ಯಾರ ಕೈಯಲ್ಲಿದೆ ಅಂತ ಅವಳಿಗೆ ಪಕ್ಕಾ ಗೊತ್ತು.

ಒಮ್ಮೆ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಇಟ್ಟ ಕೂಡಲೇ ಎದುರು ಕೂತಿದ್ದ ಹಿರಿಯರು, "ಯಾವ ಊರಮ್ಮಾ ನಿಮ್ದು?" ಅಂದರು.

"ಹೊನ್ನಾವರದ ಹತ್ರ, ಅಮ್ಮಾ."

"ಹೌದಾ! ನಮ್ದು ಕುಂದಾಪ್ರ. ಇವ್ರದ್ದು ಸಾಂತಾಕ್ರೂಜಲ್ಲಿ ಹೋಟ್ಲು ಇತ್ತು ಮುಂಚೆ."

ಬಾಂಬೆ ಸೆಂಟ್ರಲ್ ಬರುವಷ್ಟರಲ್ಲಿ ಅವರ ಮೊಮ್ಮಗಳ ಜಾತಕದ ತನಕ ಮಾತು ಬಂದಿತ್ತು. ಮೆಟ್ರೋದಲ್ಲಿ ಹೀಗೆ ಆಗುವುದಿಲ್ಲ. ಅಲ್ಲಿ ಜೋರಾಗಿ ಮಾತಾಡಲು ನನಗೇ ಸಂಕೋಚ, ಇನ್ನು ಊರು ಕೇಳುವವರು ಯಾರು?

ಹಾಗಂತ ಮೆಟ್ರೋಗೆ ಮಾರ್ಕು ಕಡಿಮೆ ಕೊಡುತ್ತಿಲ್ಲ. ಬೆಳಿಗ್ಗೆ ಅದೇ ಸರಿ. ಮರೋಳ್ ನಾಕಾ ಆರಂಭದ ಸ್ಟೇಷನ್ನುಗಳಲ್ಲೊಂದು, ಸೀಟು ಸಿಗುತ್ತದೆ. ಇಸ್ತ್ರಿ ಮಾಡಿದ ಕಾಟನ್ ಚೂಡಿದಾರ ಇಸ್ತ್ರಿ ಮಾಡಿದ ಹಾಗೇ ಆಫೀಸು ಮುಟ್ಟುತ್ತದೆ. ಪುಸ್ತಕದ ಪುಟ ಮುಂದೆ ಹೋಗುವುದೂ ಅಲ್ಲೇ. ಕಿಟಕಿಯಲ್ಲಿ ನೋಡಲು ಏನೂ ಇಲ್ಲದಿದ್ದರೆ ಓದದೆ ಏನು ಮಾಡುವುದು?

ಎಸಿ ಲೋಕಲ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಪಶ್ಚಿಮ ಲೈನಿನಲ್ಲಿ 2017ರ ಡಿಸೆಂಬರ್‌ನಿಂದ ಓಡುತ್ತಿದೆ. ಮೇ ತಿಂಗಳ ಸೆಕೆಗೆ ದೇವರು ಕೊಟ್ಟ ವರ. ಆದರೆ ಅದರ ಟೈಮಿಗೆ ನಾವು ಹೊಂದಿಕೊಳ್ಳಬೇಕು. ಬಾಗಿಲು ಮುಚ್ಚುವಾಗ ಯಾರದ್ದೋ ಬ್ಯಾಗು ಸಿಕ್ಕಿಕೊಂಡು ಮತ್ತೆ ತೆರೆದುಕೊಂಡರೆ ಒಳಗಿನವರೆಲ್ಲ ಒಟ್ಟಿಗೆ ಗೊಣಗುತ್ತಾರೆ. ಅಷ್ಟು ಹೊತ್ತು ಅದೂ ಲೋಕಲ್ಲೇ ಅನ್ನಿಸುತ್ತದೆ.

ಸಂಜೆ ಮಾತ್ರ ನಾನು ಮಾಮೂಲಿ ಲೋಕಲ್ ಬಿಡುವುದಿಲ್ಲ. ಗಾಡಿ ಚರ್ಚ್‌ಗೇಟ್‌ನಿಂದಲೇ ಹೊರಡುತ್ತದೆ, ಸ್ವಲ್ಪ ಚುರುಕಾಗಿದ್ದರೆ ಎಡಗಡೆ ಕಿಟಕಿ ಸಿಗುತ್ತದೆ. ಮರೀನ್ ಲೈನ್ಸ್ ಬಿಟ್ಟ ಮೇಲೆ ಜಿಮ್‌ಖಾನಾ ಮೈದಾನಗಳಲ್ಲಿ ಬಿಳಿ ಬಟ್ಟೆ ಹಾಕಿಕೊಂಡ ಹುಡುಗರು ನೆಟ್ಸ್ ಆಡುತ್ತಿರುತ್ತಾರೆ. ಚರ್ನಿ ರೋಡ್ ಬರುವುದರೊಳಗೆ ಯಾರಾದರೂ ಔಟಾಗುವುದು ನೋಡಲು ಸಿಕ್ಕರೆ ಖುಷಿ. ಅಂಧೇರಿಯಲ್ಲಿ ಇಳಿದರೆ ಸ್ಟೇಷನ್ ಹೊರಗೇ ತರಕಾರಿ, ಹೂವು ಎರಡೂ ಆಗುತ್ತದೆ.

ನಮ್ಮವರದ್ದು ಇದಕ್ಕೂ ತಕರಾರು. "ಪಾಸ್ ಇರೋದು ಹೋಗಿ ಬರೋದಕ್ಕೆ. ನೀನು ಬರೋದಕ್ಕೆ ಮಾತ್ರ ಬಳಸ್ತೀಯ. ಸುಮ್ನೆ ದಂಡ," ಅನ್ನುತ್ತಾರೆ. ಲೆಕ್ಕ ಅವರದ್ದೇ ಸರಿ ಇರಬಹುದು. ಹೋದ ವಾರ ಹಳೆಯ ಪಾಸ್ ಮುಗಿಯಿತು. ಈ ಸಲ ಮೂರು ತಿಂಗಳದ್ದು ಮಾಡಿಸಿದ್ದೇನೆ, ಇನ್ನೂ ಅವರಿಗೆ ಹೇಳಿಲ್ಲ.